ಅಧಿಕ ರಕ್ತದೊತ್ತಡದ ಪಥ್ಯೋಪಚಾರ: ಇತಿಹಾಸ

ಊಟ, ತೂಕ, ನಡಿಗೆ, ಮದ್ಯ, ವಿಶ್ರಾಂತಿ ಇವುಗಳಲ್ಲಿ ಮಾಡಿಕೊಳ್ಳುವ ಬದಲಾವಣೆಗಳಿಂದ ರಕ್ತದೊತ್ತಡವನ್ನು ಇಳಿಸುವ ಕ್ರಮ. ಇಂದು ಬಿ.ಪಿ. ಮಾತ್ರೆಯ ಚೀಟಿಯ ಜೊತೆಗೇ ಬರುವ ಈ ಸಲಹೆ, ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ವೈದ್ಯರ ಕೈಯಲ್ಲಿದ್ದ ಮುಖ್ಯ ಉಪಾಯವೇ ಆಗಿತ್ತು. ಇದರ ಇತಿಹಾಸದಲ್ಲಿ ಮುಕ್ಕಾಲು ಪಾಲು ಉಪ್ಪಿನದು.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲಕ್ಕೆ ಏರಿದ್ದನ್ನು 1733ರಲ್ಲಿ ಪ್ರಕಟಿಸಿದ. ಮನುಷ್ಯರ ಒತ್ತಡವನ್ನು ಸುಲಭವಾಗಿ ಅಳೆಯಲು ಇಟಲಿಯ ರೀವಾ ರೋಚಿಯ ತೋಳುಪಟ್ಟಿ (1896), ರಷ್ಯದ ಕೊರೊಟ್ಕಾಫ್ ಗುರುತಿಸಿದ ನಾಡಿಯ ಸದ್ದು (1905) ಬರಬೇಕಾಯಿತು. 1904ರಲ್ಲಿ ಫ್ರಾನ್ಸಿನ ಅಂಬಾರ್ ಮತ್ತು ಬೋಜಾರ್ ಉಪ್ಪಿಗೂ ರಕ್ತದೊತ್ತಡಕ್ಕೂ ಸಂಬಂಧವಿದೆ ಎಂದರು. 1915ರಲ್ಲಿ ಅದೇ ದೇಶದ ಕಮೀಯ್ ಲಿಯಾನ್, ಹೆಚ್ಚು ಕುಡಿಯುವ ಸೈನಿಕರಲ್ಲಿ ಒತ್ತಡವೂ ಹೆಚ್ಚೆಂದು ತೋರಿಸಿದ. ಆದರೂ ಗಡುಸಾದ ರಕ್ತನಾಳಗಳಲ್ಲಿ ರಕ್ತ ಸಾಗಲು ಆ ಒತ್ತಡ ಬೇಕೇ ಬೇಕು, ಅದರ ತಂಟೆಗೆ ಹೋಗಬಾರದು ಎಂದು ನಂಬಿದ್ದ ದೊಡ್ಡ ವೈದ್ಯರು 1930ರ ದಶಕದಲ್ಲೂ ಇದ್ದರು.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೂ ಸಿಕ್ಕಿದ್ದು ಹೆಚ್ಚುಕಡಿಮೆ ಪಥ್ಯದ ಚಿಕಿತ್ಸೆಯೇ. 1944ರ ಮಾರ್ಚ್‌ನಲ್ಲಿ ಅವರ ಒತ್ತಡ 186/108 ಇತ್ತು. ವೈದ್ಯರು ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು. ಒತ್ತಡಕ್ಕೆಂದು ಹೇಳಲು ಅವರ ಬಳಿ ಇದ್ದದ್ದು ವಿಶ್ರಾಂತಿ, ಉಪ್ಪು ಕಡಿಮೆ, ಸಿಗರೇಟು ಕಡಿಮೆ ಎಂಬ ಮಾತು. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡ ದಿನ ದಾಖಲಾದದ್ದು 300/190.

ಅದೇ ವರ್ಷಗಳಲ್ಲಿ ಉತ್ತರ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಜರ್ಮನಿಯಿಂದ ವಲಸೆ ಬಂದಿದ್ದ ವಾಲ್ಟರ್ ಕೆಂಪ್ನರ್ ಅನ್ನದ ಪಥ್ಯವನ್ನು ಪ್ರಯೋಗಿಸುತ್ತಿದ್ದ. ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ: ಊಟವೆಂದರೆ ಇಷ್ಟೇ. ಅನ್ನವೇನೋ ನಮಗೆ ಹೊಸದಲ್ಲ. ಆದರೆ ಇಲ್ಲಿ ಸಾರಿಲ್ಲ, ಮಜ್ಜಿಗೆಯಿಲ್ಲ, ಉಪ್ಪಿನಕಾಯಿಯ ಹೆಸರೆತ್ತುವಂತಿಲ್ಲ. ದಿನಕ್ಕೆ ಸಿಗುತ್ತಿದ್ದ ಪ್ರೋಟೀನು ಸುಮಾರು 20 ಗ್ರಾಂ, ಉಪ್ಪು ಅರ್ಧ ಗ್ರಾಮಿಗೂ ಕಡಿಮೆ. ಪೋಷಣೆ ಸಾಲದೆಂಬ ಆತಂಕದಿಂದ ಮೊದಮೊದಲು ಪಥ್ಯ ಕೆಲವೇ ವಾರಗಳದ್ದಾಗಿತ್ತು. 1942ರಲ್ಲಿ ರೈತ ಮಹಿಳೆಯೊಬ್ಬಳಿಗೆ ಎರಡು ವಾರ ಬಿಟ್ಟು ಬರಲು ಹೇಳಿದರೆ, ವೈದ್ಯನ ಜರ್ಮನ್ ಉಚ್ಚಾರಣೆ ಅರ್ಥವಾಗದೆ ಅವಳು ಎರಡು ತಿಂಗಳು ಪಥ್ಯ ಮಾಡಿ ಬಂದಳು. ಒತ್ತಡ 190/120ರಿಂದ 124/84ಕ್ಕೆ ಇಳಿದಿತ್ತು. ಹಿಗ್ಗಿದ್ದ ಹೃದಯ ಕುಗ್ಗಿತ್ತು, ಕಣ್ಣಿನ ಹಿಂಪದರದ ರಕ್ತಸ್ರಾವ ಮಾಯವಾಗಿತ್ತು. ದೀರ್ಘ ಪಥ್ಯಕ್ಕೆ ಧೈರ್ಯ ಬಂದದ್ದು ಆಮೇಲೆ. ಕೆಂಪ್ನರ್ ತುಲನೆಗೆ ಬೇರೊಂದು ಗುಂಪನ್ನು ಇಟ್ಟುಕೊಳ್ಳಲಿಲ್ಲ ಎಂಬ ಟೀಕೆ ಸರಿಯೇ. ಆದರೆ ಊಟದಿಂದ ಒತ್ತಡ ಇಷ್ಟೊಂದು ಇಳಿಯಬಲ್ಲದು ಎಂಬುದನ್ನು ಅವನ ಎಕ್ಸ್‌ರೇಗಳನ್ನೂ ಕಣ್ಣಿನ ಚಿತ್ರಗಳನ್ನೂ ನೋಡಿದವರು ತಳ್ಳಿಹಾಕಲಾಗಲಿಲ್ಲ.

1958ರಲ್ಲಿ ಕ್ಲೋರೊಥಯಾಜೈಡ್ ಮಾತ್ರೆ ಮಾರುಕಟ್ಟೆಗೆ ಬಂದಿತು. ಮೂತ್ರದಲ್ಲಿ ಉಪ್ಪನ್ನು ಹೊರಹಾಕುವ ಔಷಧಿ ಸಿಕ್ಕ ಮೇಲೆ ಸಪ್ಪೆ ಊಟ ಯಾರಿಗೆ ಬೇಕು? ಪಥ್ಯ ಹಿಂದೆ ಸರಿಯಿತು, ಸಂಶೋಧನೆ ನಿಲ್ಲಲಿಲ್ಲ. 1960ರಲ್ಲಿ ಲೂಯಿಸ್ ಡಾಲ್, ಹೆಚ್ಚು ಉಪ್ಪು ತಿನ್ನುವ ಸಮುದಾಯಗಳಲ್ಲಿ ಈ ಕಾಯಿಲೆಯೂ ಹೆಚ್ಚೆಂದು ನಕ್ಷೆ ಬರೆದು ತೋರಿಸಿದ. 1988ರ ಇಂಟರ್‌ಸಾಲ್ಟ್ ಅಧ್ಯಯನ 32 ದೇಶಗಳ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೂತ್ರ ಪರೀಕ್ಷಿಸಿತು. ದೆಹಲಿ, ಲಡಾಖ್‌ಗಳೂ ಅದರಲ್ಲಿದ್ದವು. ಉಪ್ಪನ್ನೇ ಬೆರೆಸದ ಬ್ರೆಜಿಲಿನ ಯಾನೊಮಾಮಿ ಜನರ ಸರಾಸರಿ ಒತ್ತಡ ಸುಮಾರು 96/61 ಇದ್ದು, ವಯಸ್ಸಾದಂತೆ ಏರುತ್ತಿರಲಿಲ್ಲ.

ಭಾರತದ ಕೊಡುಗೆ ಬಂದದ್ದು ಬೇರೆ ದಿಕ್ಕಿನಿಂದ. 1969ರಲ್ಲಿ ಮುಂಬಯಿಯ ಕೆ.ಕೆ. ದಾತೆ ಮತ್ತು ಸಂಗಡಿಗರು ಶವಾಸನದ ಪರಿಣಾಮವನ್ನು ಪ್ರಕಟಿಸಿದರು. 1973ರಲ್ಲಿ ಇಂಗ್ಲೆಂಡಿನಲ್ಲಿದ್ದ ಚಂದ್ರಾ ಪಟೇಲ್ ಯೋಗ ಮತ್ತು ಜೈವಿಕ ಪ್ರತಿಸೂಚನೆಯ (ಬಯೋಫೀಡ್‌ಬ್ಯಾಕ್) ಪ್ರಯೋಗವನ್ನು ‘ಲ್ಯಾನ್ಸೆಟ್’ನಲ್ಲಿ ಬರೆದರು. ಇವು ಚಿಕ್ಕ ಅಧ್ಯಯನಗಳು. ತೂಕದ ಲೆಕ್ಕ ಇನ್ನಷ್ಟು ಗಟ್ಟಿ: ಒಂದು ಕಿಲೋ ಇಳಿದರೆ ಒತ್ತಡ ಸುಮಾರು ಒಂದು ಮಿ.ಮೀ. ಇಳಿಯುತ್ತದೆ.

1997ರ ಡ್ಯಾಶ್ ಪ್ರಯೋಗ ಪಥ್ಯವನ್ನು ತಿನ್ನಬಹುದಾದ ಊಟವನ್ನಾಗಿ ಮಾಡಿತು. 459 ಜನರಿಗೆ ಅಡುಗೆಯನ್ನು ತಯಾರಿಸಿಯೇ ಕೊಡಲಾಯಿತು. ಉಪ್ಪನ್ನೂ ತೂಕವನ್ನೂ ಇದ್ದಂತೆಯೇ ಇರಿಸಿ ಹಣ್ಣು, ತರಕಾರಿ, ಕೆನೆ ತೆಗೆದ ಹಾಲು ಮೊಸರುಗಳನ್ನು ಹೆಚ್ಚಿಸಿದಾಗ, ಅಧಿಕ ಒತ್ತಡವಿದ್ದವರಲ್ಲಿ ಮಾಮೂಲಿ ಊಟದವರಿಗಿಂತ ಮೇಲಿನ ಅಂಕಿ 11.4ರಷ್ಟು ಹೆಚ್ಚು ಇಳಿಯಿತು. 2001ರ ಮುಂದಿನ ಪ್ರಯೋಗದಲ್ಲಿ ಉಪ್ಪನ್ನೂ ಕಡಿತ ಮಾಡಿದಾಗ ಫಲ ಮತ್ತೂ ಹೆಚ್ಚಾಯಿತು.

ಮನೆಗೆ ಹೋದ ಮೇಲೆ ಪಥ್ಯ ಉಳಿಯುವುದೇ ಕಷ್ಟ. ಆದ್ದರಿಂದ ಬ್ರಿಟನ್ 2003ರ ನಂತರ ಬ್ರೆಡ್ಡು ಮೊದಲಾದ ಸಿದ್ಧ ಆಹಾರಗಳಲ್ಲಿ ಉಪ್ಪನ್ನು ನಾಲಗೆಗೆ ಗೊತ್ತಾಗದಂತೆ ಮೆಲ್ಲನೆ ಇಳಿಸಿತು. 2011ರ ವೇಳೆಗೆ ಜನ ದಿನಕ್ಕೆ ತಿನ್ನುವ ಉಪ್ಪು 9.5 ಗ್ರಾಮಿನಿಂದ 8.1ಕ್ಕೆ ಬಂತು. ನಮ್ಮಲ್ಲಿ ಉಪ್ಪಿನ ಹೆಚ್ಚು ಪಾಲು ಹೋಗುವುದು ಮನೆಯ ಒಗ್ಗರಣೆ, ಹುಳಿ, ಹಪ್ಪಳ, ಉಪ್ಪಿನಕಾಯಿಗಳ ಮೂಲಕವಾದ್ದರಿಂದ ಬೇಕರಿಯ ಮೇಲೆ ನಿಯಮ ಹೇರಿ ಅಷ್ಟು ಪ್ರಯೋಜನವಿಲ್ಲ. ಇಂಥ ಅಡುಗೆಮನೆಗೆ ಹತ್ತಿರವಾದದ್ದು ಚೀನಾದ 600 ಹಳ್ಳಿಗಳ ಪ್ರಯೋಗ. ಅಲ್ಲಿ ಉಪ್ಪಿನ ಕಾಲುಭಾಗದಷ್ಟು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೊಟ್ಟಾಗ ಪಾರ್ಶ್ವವಾಯು 14 ಪ್ರತಿಶತ ಕಡಿಮೆಯಾದದ್ದು 2021ರಲ್ಲಿ ವರದಿಯಾಯಿತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಬಳಕೆಗೆ ಇಂಥ ಉಪ್ಪನ್ನು ಸೂಚಿಸಿತು. ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು ಮತ್ತು ಮಕ್ಕಳಿಗೆ ಆ ಸೂಚನೆ ಅನ್ವಯಿಸುವುದಿಲ್ಲ.