ಬ್ರೇಕ್ ಇಲ್ಲದ ಹೋರಿ

ವಾಟ್ಸಾಪಿನಲ್ಲಿ ಆಗಾಗ ಒಂದು ವಿಡಿಯೋ ಸುತ್ತುತ್ತಿರುತ್ತೆ. ಬಿಳಿ-ನೀಲಿ ಬಣ್ಣದ ಹೋರಿ, ತೊಡೆ, ಭುಜವೆಲ್ಲ ಉಬ್ಬಿ, ಈಗಷ್ಟೇ ಜಿಮ್ಮಿನಿಂದ ಬಂದ ಹಾಗೆ ನಿಂತಿರುತ್ತೆ. ಕೆಳಗೆ ಯಾರಾದರೊಬ್ಬರು ‘ಸ್ಟೀರಾಯ್ಡ್ ಕೊಟ್ಟಿದ್ದಾರೆ ಕಣ್ರೀ’ ಅಂತ ಬರೆದೇ ಬರೆದಿರ್ತಾರೆ. ಸ್ಟೀರಾಯ್ಡೂ ಅಲ್ಲ, ಲ್ಯಾಬಿನಲ್ಲಿ ತಿದ್ದಿದ ಜೀನೂ ಅಲ್ಲ. ಅದು ಬೆಲ್ಜಿಯನ್ ಬ್ಲೂ ತಳಿ. ಅದನ್ನು ಹಾಗೆ ಮಾಡಿದ್ದು ಕಟುಕರ ತಕ್ಕಡಿ ಮತ್ತು ದನದ ಡಾಕ್ಟರ ಚಾಕು.

ಹತ್ತೊಂಬತ್ತನೇ ಶತಮಾನದಲ್ಲಿ ಬೆಲ್ಜಿಯಂನವರು ಇಂಗ್ಲೆಂಡಿನಿಂದ ಶಾರ್ಟ್‌ಹಾರ್ನ್ ಹೋರಿಗಳನ್ನು ತರಿಸಿ ತಮ್ಮ ನಾಟಿ ಹಸುಗಳಿಗೆ ಕೂಡಿಸಿದರು. ಸಿಕ್ಕಿದ್ದು ಹಾಲಿಗೂ ಸೈ, ಮಾಂಸಕ್ಕೂ ಸೈ ಅನ್ನೋ ತಳಿ. ಆ ಹಿಂಡುಗಳಲ್ಲಿ ಯಾವಾಗಲಾದರೊಮ್ಮೆ ವಿಪರೀತ ಮೈಕಟ್ಟಿನ ಕರು ಹುಟ್ಟುತ್ತಿತ್ತು. ಅದೇನೂ ಹೊಸದಲ್ಲ, ಇಂಗ್ಲೆಂಡಿನ ಜಾರ್ಜ್ ಕಲ್ಲಿ 1807ರಲ್ಲೇ ಇಂಥ ದನಗಳ ಬಗ್ಗೆ ಬರೆದಿದ್ದ. ಕಟುಕನಿಗೆ ಖುಷಿಯೋ ಖುಷಿ. ಆದರೆ ಕರು ದಪ್ಪ, ದಾರಿ ಕಿರಿದು. ಎಷ್ಟೋ ಸಲ ಹುಟ್ಟುವಾಗಲೇ ಕರು ಸಾಯ್ತಿತ್ತು, ಕೆಲವೊಮ್ಮೆ ತಾಯಿಯೂ. ಹಾಗಾಗಿ ಈ ಗುಣ ಇಡೀ ಹಿಂಡಿಗೆ ಹರಡೋಕೆ ಆಗ್ತಿರಲಿಲ್ಲ.

ಎರಡನೇ ಮಹಾಯುದ್ಧದ ನಂತರ ಲೆಕ್ಕ ಬದಲಾಯ್ತು. ಕೃತಕ ಗರ್ಭಧಾರಣೆ ಬಂದು, ಒಂದೇ ಹೋರಿ ಸಾವಿರಾರು ಕರುಗಳ ತಂದೆಯಾಗೋದು ಸಾಧ್ಯವಾಯ್ತು. ಅದಕ್ಕಿಂತ ದೊಡ್ಡ ಬದಲಾವಣೆ ಸಿಸೇರಿಯನ್. ಕೊಟ್ಟಿಗೆಯಲ್ಲೇ, ಹಸು ನಿಂತಿರುವಾಗಲೇ, ಎಡಮಗ್ಗುಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹೊಟ್ಟೆ ಕೊಯ್ದು, ಕರು ತೆಗೆದು, ಹೊಲಿದುಬಿಡೋದು. ಡಾಕ್ಟರ ಫೀಸು ಕಳೆದರೂ ರೈತನಿಗೆ ಲಾಭವೇ. ಮೊದಲಾಗಿದ್ದರೆ ಹುಟ್ಟುವಾಗಲೇ ಸಾಯುತ್ತಿದ್ದ ಕರುಗಳು ಈಗ ಬದುಕಿದವು, ಬೆಳೆದವು, ಮುಂದಿನ ತಲೆಮಾರಿಗೆ ಅವೇ ಅಪ್ಪ-ಅಮ್ಮ ಆದವು. ಇವತ್ತು ಈ ತಳಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್ನೇ.

ಒಳಗಿನ ಕಾರಣ ಗೊತ್ತಾಗಿದ್ದು ಮಾತ್ರ 1997ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸೆ-ಜಿನ್ ಲೀ ಮತ್ತು ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್ ಇಲಿಗಳಲ್ಲಿ ಒಂದು ಜೀನನ್ನು ಕೆಡಿಸಿ ನೋಡಿದರು. ಇಲಿಯ ಸ್ನಾಯುಗಳು ಎರಡು-ಮೂರು ಪಟ್ಟು ಬೆಳೆದವು. ಮೈಯೋಸ್ಟ್ಯಾಟಿನ್ ಅಂದರೆ ಸ್ನಾಯುವಿಗೆ ‘ಸಾಕು, ನಿಲ್ಲು’ ಅನ್ನೋ ಪ್ರೋಟೀನು. ಆ ಜೀನು ಅದನ್ನು ತಯಾರಿಸುವಂಥದ್ದು. ಅದೇ ವರ್ಷ ಲೀ ಅವರ ತಂಡವೂ, ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದ ಮಿಷೆಲ್ ಜೋರ್ಜ್ ಅವರ ತಂಡವೂ ಈ ದನಗಳಲ್ಲಿ ಅದೇ ಜೀನು ಕೆಟ್ಟಿರೋದನ್ನು ತೋರಿಸಿದವು. ಡಿಎನ್ಎಯ 11 ಅಕ್ಷರ ಕಾಣೆ. ಡಿಎನ್ಎಯನ್ನು ಓದೋದು ಮೂರು ಮೂರು ಅಕ್ಷರವಾಗಿ, 11 ಮೂರರಿಂದ ಭಾಗವಾಗಲ್ಲ, ಹಾಗಾಗಿ ಅಲ್ಲಿಂದ ಮುಂದಿನ ಓದೆಲ್ಲ ತಪ್ಪು. ಬ್ರೇಕ್ ಫೇಲ್. ರೈತರು ತಲೆಮಾರುಗಳ ಕಾಲ ಆರಿಸಿ ಆರಿಸಿ ಉಳಿಸಿಕೊಂಡಿದ್ದು ಈ ಕೆಟ್ಟ ಬ್ರೇಕನ್ನೇ. ನಾವು ಸಲೀಸಾಗಿ ‘ತಳಿ ಸುಧಾರಣೆ’ ಅಂದುಬಿಡ್ತೀವಿ, ಅದಕ್ಕೆ ಹೇಳಿದೆ.

ಹಾಗಂತ ಪೂರ್ತಿ ತಪ್ಪನ್ನು ಜೀನಿನ ತಲೆಗೆ ಕಟ್ಟೋದೂ ಸರಿಯಲ್ಲ. ಇಟಲಿಯ ಪಿಯೆಮಾಂಟೀಸ್ ದನಗಳಲ್ಲೂ ಕೆಟ್ಟಿರೋದು ಇದೇ ಜೀನು, ಆದರೆ ಬೇರೆ ಜಾಗದಲ್ಲಿ, ಒಂದೇ ಒಂದು ಅಕ್ಷರ ಬದಲಾಗಿ. ಅವೂ ಕಟ್ಟುಮಸ್ತಾಗಿವೆ. ಅಲ್ಲಿಯವರು ಹೋರಿ ಆರಿಸುವಾಗ ಹೆರಿಗೆ ಎಷ್ಟು ಸಲೀಸು ಅನ್ನೋದಕ್ಕೂ ಬೆಲೆ ಕೊಟ್ಟರು. ಅಲ್ಲಿ ಹೆಚ್ಚಿನ ಹಸುಗಳು ಚಾಕುವಿಲ್ಲದೇ ಈಯುತ್ತವೆ. ಬೆಲ್ಜಿಯಂನಲ್ಲಿ ಡಾಕ್ಟರು ಒಂದು ಫೋನ್ ಕಾಲ್ ದೂರದಲ್ಲಿದ್ದರು, ಆ ಲೆಕ್ಕ ಹಾಕುವ ಗರಜೇ ಬೀಳಲಿಲ್ಲ ಅಂತ ನನಗನಿಸುತ್ತೆ.

ಅಂದಹಾಗೆ, ಆ ವಿಡಿಯೋಗಳಲ್ಲಿ ಇರೋದು ಯಾವಾಗಲೂ ಹೋರಿ. ಅದರ ತಾಯಿಯ ಎಡಮಗ್ಗುಲನ್ನು ತೋರಿಸಿದ ಒಂದು ವಿಡಿಯೋನೂ ನನಗೆ ಇನ್ನೂ ಫಾರ್ವರ್ಡ್ ಆಗಿ ಬಂದಿಲ್ಲ.