ಬೋರ್ಡು ನೋಡಿ ಮಾರುವುದು (ಭಾಗ 3)

ಡ್ಯಾಶ್‌ಬೋರ್ಡ್ ಅಂದ್ರೆ ಮೊದಲಿಗೆ ಕುದುರೆ ಗಾಡಿಯ ಮುಂದಿನ ಹಲಗೆ. ಕುದುರೆ ಕಾಲಿನ ಕೆಸರು ಕೂತವರ ಮೇಲೆ ಹಾರದ ಹಾಗೆ ಇಟ್ಟದ್ದು. ಕಾರು ಬಂದ ಮೇಲೆ ಮೀಟರ್‌ಗಳು ಅಲ್ಲಿಗೇ ಬಂದವು, ಆಮೇಲೆ ಹೆಸರು ಕಂಪ್ಯೂಟರಿಗೆ ಹತ್ತಿತು.

ಆದರೆ ನಮ್ಮ ಐವರ್ನಾಡಿನವರಿಗೆ ಗೊತ್ತಿರುವ ಡ್ಯಾಶ್‌ಬೋರ್ಡ್ ಬೇರೆಯೇ ಉಂಟು. ಅಡಿಕೆ ದರದ ಬೋರ್ಡು!

70ರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದು ಬೆಳೆಗಾರರು ಕಂಗಾಲಾಗಿದ್ರು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ಕ್ಕೆ ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರದ್ದು. ಅದರ ದಿನದ ದರ ಇವತ್ತಿಗೂ ನಮ್ಮಲ್ಲಿ ಅಳತೆಗೋಲು.

ಆ ಬೋರ್ಡು ಸರಿಯಾಗಿ ನೋಡಿ. ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು. ಎದುರು ಒಂದೊಂದು ಸಂಖ್ಯೆ, ಅಷ್ಟೇ. ಹೊಸತಕ್ಕೂ ಹಳತಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿಯೇ ಅಜ್ಜ ಚೀಲ ಅಟ್ಟದಲ್ಲಿ ಇಡುವುದಾ, ಜೀಪಿಗೆ ಹಾಕುವುದಾ ಅಂತ ತೀರ್ಮಾನ ಮಾಡ್ತಿದ್ರು. ಸೊಸೈಟಿ ಸಾಲದ ಬಡ್ಡಿ ಒಂದು ಕಡೆ, ಆ ವ್ಯತ್ಯಾಸ ಇನ್ನೊಂದು ಕಡೆ. ಲೆಕ್ಕ ತಪ್ಪಿದ್ರೆ ಆ ವರ್ಷದ ನಮ್ಮ ಫೀಸಿಗೇ ಕುತ್ತು.

ನಾನು ಪ್ರಾಜೆಕ್ಟಿಗೆ ಮಾಡಿದ ಡ್ಯಾಶ್‌ಬೋರ್ಡಲ್ಲಿ 14 ಚಾರ್ಟ್ ಇತ್ತು ಮಾರಾಯ್ರೆ. "ಇದನ್ನು ನೋಡಿ ಮ್ಯಾನೇಜರ್ ಏನು ಮಾಡಬೇಕು?" ಅಂತ ಸರ್ ಕೇಳಿದ್ರು. ಉತ್ತರ ಇರ್ಲಿಲ್ಲ. ಈಗ ಮೂರೇ ಉಳಿಸಿದ್ದೇನೆ: ಸ್ಟಾಕ್, ಬರಬೇಕಾದ ಬಾಕಿ, ಕಳೆದ ತಿಂಗಳಿಗೆ ಹೋಲಿಸಿ ಮಾರಾಟ. ಪೈ ಚಾರ್ಟ್ ತೆಗೆಯುವಾಗ ಸ್ವಲ್ಪ ಬೇಜಾರಾಯ್ತು, ಬಣ್ಣ ಚೆಂದ ಇತ್ತು.

ನಿಮ್ಮಲ್ಲಿ ಹಳತು ಉಂಟಾ? ಇವತ್ತಿನ ದರ ನೋಡಿದ್ರಾ?

#ಐವರ್ನಾಡು #ಅಡಿಕೆ #ಬಿಕಾಂ