ಕಿತ್ತಳೆ ಎಂಬ ಮಾತು

ಮಾಗಿಯ ಒಂದು ಬೆಳಗ್ಗೆ, ಎಳೆಬಿಸಿಲು ನಮ್ಮ ಮನೆಯ ಜಗಲಿಯ ಅರ್ಧದವರೆಗೆ ಏರಿ ಬಂದಿದ್ದ ಹೊತ್ತಿನಲ್ಲಿ, ಕೊಡಗಿನಿಂದ ಬಂದ ಬಂಧುಗಳು ತಂದುಕೊಟ್ಟಿದ್ದ ಕಿತ್ತಳೆಯೊಂದನ್ನು ಸುಲಿಯುತ್ತ ಕುಳಿತಿದ್ದೆ. ಹೆಬ್ಬೆರಳಿನ ಉಗುರು ಸಿಪ್ಪೆಗೆ ನಾಟಿದೊಡನೆ ಅತಿ ನವಿರಾದ ತುಂತುರೊಂದು ಚಿಮ್ಮಿ, ಬಿಸಿಲಿನಲ್ಲಿ ಕ್ಷಣಮಾತ್ರ ಮಿನುಗಿ ಮಾಯವಾಯಿತು. ಮಗ್ಗುಲಲ್ಲಿ ಮೈಚಾಚಿ ಮಲಗಿದ್ದ ಬೆಕ್ಕು ಮೂಗನ್ನು ಸುಕ್ಕಿಸಿ, ಕಿವಿಗಳನ್ನು ಹಿಂದಕ್ಕೆ ಮಡಚಿ, ಎದ್ದುಹೋಗಿ ಜಗಲಿಯ ಇನ್ನೊಂದು ತುದಿಯಲ್ಲಿ ಕುಳಿತಿತು. ನಿಂಬೆಯ ಕುಲದ ಹಣ್ಣುಗಳ ಸಿಪ್ಪೆಯಲ್ಲಿರುವ ಎಣ್ಣೆಯ ಘಾಟು ಮಾರ್ಜಾರಕ್ಕೆ ಒಗ್ಗದು. ಇದನ್ನೆಲ್ಲ ನೋಡುತ್ತಿದ್ದ ಮೊಮ್ಮಗಳು, “ತಾತ, ಆರೆಂಜ್ ಬೆಕ್ಕಿಗೆ ಆರೆಂಜ್ ಕಂಡರೆ ಯಾಕೆ ಆಗಲ್ಲ?” ಎಂದು ಕೇಳಿದಳು. ನನ್ನ ತಾಯಿ ಇದ್ದಿದ್ದರೆ ಅದೇ ಬೆಕ್ಕನ್ನು ‘ಕೆಂಚು ಬೆಕ್ಕು’ ಎಂದು ಕರೆಯುತ್ತಿದ್ದಳು. ಹಣ್ಣಿಗೂ ಬೆಕ್ಕಿಗೂ ಒಂದೇ ಹೆಸರನ್ನಿಡುವ ಯೋಚನೆ ಅವಳಿಗೆ ಬರುತ್ತಲೇ ಇರಲಿಲ್ಲ. ಮುತ್ತಜ್ಜಿಯ ಮಾತಿಗೂ ಮರಿಮಗಳ ಮಾತಿಗೂ ನಡುವೆ ಒಂದು ಬಣ್ಣ ತನ್ನ ಹೆಸರನ್ನು ಬದಲಿಸಿಕೊಂಡ ಕಥೆ ಅಡಗಿದೆ.

ಮೊದಲು ಹಣ್ಣಿನ ಹೆಸರನ್ನೇ ನೋಡೋಣ. ನಮ್ಮ ಹಿರಿಯರು ಇದನ್ನು ‘ಕಿತ್ತಿಳೆ’ ಎಂದೂ ಹೇಳುತ್ತಿದ್ದರು. ಈ ಜಾತಿಯ ಹಣ್ಣಿಗೆ ಹಳೆಯ ಕನ್ನಡದಲ್ಲಿ ‘ಈಳೆ’ ಎಂಬ ಹೆಸರುಂಟು. ‘ಕಿರಿದು’ ಎಂಬ ಮಾತು ಸ್ವರದ ಹಿಂದೆ ನಿಂತಾಗ ‘ಕಿತ್ತು’ ಎಂದಾಗುವುದನ್ನು ‘ಕಿತ್ತಡಿ’ ಎಂಬ ಶಬ್ದದಲ್ಲಿ ಕಾಣುತ್ತೇವೆ. ‘ಹಿರಿದು’ ಎಂಬುದು ‘ಹೇರ್’ ಆಗುವುದನ್ನು ‘ಹೇರಡವಿ’ಯಲ್ಲಿ ಕಾಣುತ್ತೇವೆ. ಹಾಗೆ ನೋಡಿದರೆ ಕಿರಿದಾದ ಈಳೆ ಕಿತ್ತಿಳೆ, ಹಿರಿದಾದ ಈಳೆ ಹೇರಿಳೆ ಎಂದು ಬಿಡಿಸಿಕೊಳ್ಳುವುದು ನನಗೆ ಸಮ್ಮತವಾಗಿ ತೋರುತ್ತದೆ. ಚಿತ್ರಾನ್ನಕ್ಕೆ ಹಿಂಡುವ ಹೇರಳೆಕಾಯಿಯೂ ಕೈಯಲ್ಲಿ ಸುಲಿದು ತಿನ್ನುವ ಕಿತ್ತಳೆಯೂ ಅಕ್ಕತಂಗಿಯರೆಂಬುದನ್ನು ಅವುಗಳ ಹೆಸರುಗಳೇ ಸಾರುತ್ತವೆ. ಇದರಲ್ಲಿ ಗಾತ್ರದ ಮಾತಿದೆ, ಕುಲದ ಮಾತಿದೆ. ಬಣ್ಣದ ಮಾತು ಮಾತ್ರ ಎಲ್ಲಿಯೂ ಇಲ್ಲ.

ಸಂಸ್ಕೃತದವರು ಇದನ್ನು ನಾರಂಗವೆಂದೂ ನಾಗರಂಗವೆಂದೂ ಕರೆದರು. ಅಮರಕೋಶವು ನಾಗರಂಗಕ್ಕೆ ಐರಾವತವೆಂಬ ಘನವಾದ ಪರ್ಯಾಯವನ್ನೂ ಕೊಡುತ್ತದೆ. ಈ ‘ನಾರಂಗ’ದ ಬೇರು ದ್ರಾವಿಡ ಭಾಷೆಗಳಲ್ಲಿದೆಯೆಂದು ಅನೇಕ ವಿದ್ವಾಂಸರು ಎಣಿಸಿದ್ದಾರೆ, ಮಲಯಾಳದಲ್ಲಿ ಇಂದಿಗೂ ನಿಂಬೆಯ ಕುಲದ ಹಣ್ಣು ‘ನಾರಙ್ಙ’ವೇ ಆಗಿದೆ. ದಕ್ಷಿಣದಿಂದ ಹೊರಟ ಆ ಶಬ್ದವು ಹಣ್ಣಿನ ಜೊತೆಯಲ್ಲಿಯೇ ಪಯಣಿಸಿ, ಪಾರಸೀಕರ ನಾಲಗೆಯಲ್ಲಿ ನಾರಂಗ್ ಆಗಿ, ಅರಬರ ಬಾಯಲ್ಲಿ ನಾರಂಜ್ ಆಗಿ, ಅವರ ತೋಟಗಾರರೊಡನೆ ಸ್ಪೇನಿಗೆ ಕಾಲಿಟ್ಟು ನರಾಂಖ ಆಗಿ, ಫ್ರೆಂಚರನ್ನು ತಲುಪುವ ಹೊತ್ತಿಗೆ ಮೊದಲಿನ ನಕಾರವನ್ನು ಕಳೆದುಕೊಂಡು, ಅಲ್ಲಿಂದ ಇಂಗ್ಲೆಂಡಿಗೆ ದಾಟಿ ಆರೆಂಜ್ ಆಯಿತು. ಅಷ್ಟು ದೇಶಗಳನ್ನು ಸುತ್ತಿ ನಮ್ಮ ಅಂಗಡಿಬೀದಿಗೆ ಮರಳಿದಾಗ, ತವರಿನವರಾದ ನಾವೇ ಗುರುತು ಹಿಡಿಯಲಾರದಷ್ಟು ಅದು ಬದಲಾಗಿತ್ತು.

ಆ ಮಾತು ಹಣ್ಣಿನಿಂದ ಬಣ್ಣಕ್ಕೆ ಹರಿದದ್ದು ಇಂಗ್ಲೆಂಡಿನಲ್ಲಿ, 16ನೆಯ ಶತಮಾನದ ಆರಂಭದ ಹೊತ್ತಿಗೆ. ಅದಕ್ಕೆ ಮೊದಲು ಅಲ್ಲಿನವರಿಗೂ ಇದು ಕೆಂಪಿನದೇ ಒಂದು ಭೇದವಾಗಿತ್ತು; ಆದುದರಿಂದಲೇ ಅಚ್ಚ ಕಿತ್ತಳೆಬಣ್ಣದ ಎದೆಯಿರುವ ರಾಬಿನ್ ಹಕ್ಕಿಗೆ ಅವರು ಇಂದಿಗೂ ‘ಕೆಂಪೆದೆ’ಯೆಂಬ ಹೆಸರನ್ನೇ ಉಳಿಸಿಕೊಂಡು ಬಂದಿದ್ದಾರೆ. ನಮ್ಮ ‘ಕೆಂ’ ಎಂಬ ಪೂರ್ವಪದವೂ ಇಷ್ಟೇ ಉದಾರವಾದದ್ದು. ಒಲೆಯಲ್ಲಿ ಉರಿದು ನಿಂತ ಕೆಂಡ, ಮಾವಿನ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಜಿರುವೆ, ಕರಾವಳಿಯ ತೋಟದ ಕೆಂದಾಳಿ ತೆಂಗು, ಇವುಗಳಲ್ಲಿ ಯಾವುದನ್ನು ಹತ್ತಿರದಿಂದ ನೋಡಿದರೂ ಕಣ್ಣಿಗೆ ಕಾಣುವುದು ಶುದ್ಧವಾದ ಕೆಂಪಲ್ಲ. ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಕೇಂದ್ರವು ಎಳನೀರಿಗೆ ಶ್ರೇಷ್ಠವೆಂದು ಹೇಳುವ ಗಿಡ್ಡ ತಳಿಗೆ ಶಾಸ್ತ್ರದ ಹೆಸರು ‘ಚೌಘಾಟ್ ಆರೆಂಜ್ ಡ್ವಾರ್ಫ್’; ಅಂಥ ಬಣ್ಣದ ಕಾಯಿಯನ್ನು ಕಂಡ ನಮ್ಮ ರೈತನ ಬಾಯಲ್ಲಿ ಬರುವ ಮಾತು ಕೆಂದಾಳಿ. ಕಾಯಿ ಒಂದೇ, ನೋಡುವ ಕಣ್ಣೂ ಒಂದೇ, ವಿಂಗಡಿಸಿದ ಮಾತು ಮಾತ್ರ ಬೇರೆ.

ಹಾಗೆಂದು ಕನ್ನಡಕ್ಕೆ ಈ ಬಣ್ಣದ ಅರಿವಿರಲಿಲ್ಲವೆಂದು ಭಾವಿಸಬಾರದು. ಒಂದೇ ಹೆಸರಿನೊಳಗೆ ಅದನ್ನು ತುಂಬಿಡುವ ಬದಲು ನಮ್ಮವರು ಅದನ್ನು ಬಾಳಿನ ಹಲವು ಎಡೆಗಳಿಗೆ ಹಂಚಿದರು. ಸನ್ಯಾಸಿಯ ಬಟ್ಟೆಯಲ್ಲಿ ಅದು ಕಾವಿ. ಆ ಹೆಸರಿನಲ್ಲಿ ಮಣ್ಣಿನ ಮಾತಿದೆ, ತ್ಯಾಗದ ಮಾತಿದೆ. ಧ್ವಜದ ಮೇಲಣ ಪಟ್ಟಿಯಲ್ಲಿಯೂ ತುಪ್ಪದಲ್ಲಿ ಹುರಿದ ರವೆಯ ಸಿಹಿಯಲ್ಲಿಯೂ ಅದು ಕೇಸರಿ. ಮದುವೆಯ ಸೀರೆಯ ಅಂಗಡಿಯಲ್ಲಿ ಅದು ಕನಕಾಂಬರ. ಆ ಮಾತನ್ನು ಕೇಳಿದೊಡನೆ ಹೆರಳಿನಲ್ಲಿ ಮುಡಿದ, ಗಂಧವಿಲ್ಲದ ಆ ಹೂವಿನ ದಂಡೆ ಕಣ್ಣಮುಂದೆ ಬರುತ್ತದೆ. ಮುಂಜಾವದಲ್ಲಿ ಅಂಗಳಕ್ಕೆ ಉದುರಿದ ಪಾರಿಜಾತವನ್ನು ಎತ್ತಿ ತಿರುಗಿಸಿ ನೋಡಿದರೆ ಬಿಳಿಯ ಎಸಳುಗಳ ಕೆಳಗೆ ಅದೇ ಬಣ್ಣದ ಪುಟ್ಟ ತೊಟ್ಟು ಕಾಣುತ್ತದೆ. ಆ ತೊಟ್ಟುಗಳನ್ನು ಕುದಿಸಿ ಬಟ್ಟೆಗೆ ಬಣ್ಣ ಕಟ್ಟುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಳೆಯದು. ದನದ ಮೈಯಲ್ಲಿ ಅದು ಕಪಿಲ, ಬೆಕ್ಕಿನ ಮೈಯಲ್ಲಿ ಕೆಂಚು. ಅಮರಕೋಶದ ಕರ್ತೃ ಅಮರಸಿಂಹನು ಕಡಾರ, ಕಪಿಲ, ಪಿಂಗ, ಪಿಶಂಗ, ಕದ್ರು, ಪಿಂಗಲ ಎಂಬ ಆರು ಶಬ್ದಗಳನ್ನು ಒಟ್ಟಿಗೆ ಪೋಣಿಸಿದ್ದನ್ನು ಕಂಡಾಗ, ಈ ಬೆಚ್ಚನೆಯ ಬಣ್ಣವನ್ನು ನಮ್ಮ ಪೂರ್ವಿಕರು ಎಷ್ಟು ಪ್ರೀತಿಯಿಂದ ನೋಡಿದ್ದರೆಂಬುದು ಮನವರಿಕೆಯಾಗುತ್ತದೆ.

ಬಣ್ಣಕ್ಕೆ ಹೆಸರನ್ನು ಸಾಲ ಕೊಟ್ಟ ಹಣ್ಣು ತಾನೇ ಯಾವಾಗಲೂ ಆ ಬಣ್ಣವನ್ನು ತೊಡುವುದಿಲ್ಲವೆಂಬುದು ಈ ಮಾತಿನ ಬಾಳಿನಲ್ಲಿ ಇನ್ನೊಂದು ವಿಶೇಷ. ಕಾಫಿಯ ತೋಟಗಳ ನಡುವೆ ಬೆಳೆದು ಬಂದ ಕೊಡಗಿನ ಕಿತ್ತಳೆ ಒಳಗೆ ಚೆನ್ನಾಗಿ ಪಕ್ವವಾದ ಮೇಲೂ ಹೊರಗೆ ಹಸಿರು ಬೆರೆತ ಹಳದಿಯಲ್ಲಿಯೇ ಇರುವುದುಂಟು. ರಾತ್ರಿಯ ಚಳಿ ತಾಗಿದಾಗ ಸಿಪ್ಪೆಯ ಹಸಿರು ಹರಿದುಹೋಗಿ ಅದರಡಿಯ ಬಣ್ಣ ಬೆಳಕಿಗೆ ಬರುತ್ತದೆ. ಚಳಿ ಸಾಲದ ಸೀಮೆಯಲ್ಲಿ ಹಸಿರು ಹಾಗೆಯೇ ನಿಲ್ಲುತ್ತದೆ. ಬಣ್ಣವಿಲ್ಲವೆಂದು ಆ ಹಣ್ಣನ್ನು ಬುಟ್ಟಿಗೆ ಮರಳಿ ಇಡುವ ಪಟ್ಟಣಿಗರು ಅದರ ಸಡಿಲವಾದ ಸಿಪ್ಪೆಯನ್ನೂ ಹುಳಿಯನ್ನು ಒಳಗೊಂಡ ಅದರ ಸವಿಯನ್ನೂ ಅರಿಯದೆ ಹೋಗುತ್ತಾರೆ. ಆದರೆ ಹಸಿರಾಗಿಯೇ ಉಳಿಯುವ ಹಣ್ಣಿನಲ್ಲಿ ರೋಗದ ಕುರುಹೂ ಇರಬಹುದು. ‘ಗ್ರೀನಿಂಗ್’ ಎಂದು ಬೆಳೆಗಾರರು ಕರೆಯುವ ವ್ಯಾಧಿಯನ್ನು, ಚಿಗುರಿನ ರಸ ಹೀರುವ ಅತಿ ಸಣ್ಣ ಕೀಟವೊಂದು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಅದು ತಗುಲಿದ ಮರದ ಎಲೆ ಹಳದಿಗಟ್ಟುತ್ತದೆ, ಕಾಯಿ ಸೊಟ್ಟಗಾಗಿ ತುದಿಯಲ್ಲಿ ಹಸಿರಾಗಿಯೇ ಉಳಿಯುತ್ತದೆ, ಮರ ಮೆಲ್ಲನೆ ಒಣಗುತ್ತದೆ. ಒಂದು ಕಾಲಕ್ಕೆ ಕೊಡಗಿನ ಹೆಸರಿನೊಡನೆ ಅವಿನಾಭಾವವಾಗಿದ್ದ ಕಿತ್ತಳೆಯ ತೋಟಗಳು ವಿರಳವಾಗುವುದಕ್ಕೆ ಈ ವ್ಯಾಧಿಯೇ ಒಂದು ಮುಖ್ಯ ಕಾರಣ. ಭೌಗೋಳಿಕ ಸೂಚಕದ ಮುದ್ರೆ ಕೊಡಗಿನ ಕಿತ್ತಳೆಗೆ ದೊರೆತಿದೆ. ಆ ಮುದ್ರೆಗೆ ತಕ್ಕಷ್ಟು ಮರಗಳು ಉಳಿಯಬೇಕೆಂಬುದು ನನ್ನ ಹಂಬಲ.

ಇನ್ನು ಬೆಕ್ಕಿನ ಬಣ್ಣ. ಕೆಂಚು ಬೆಕ್ಕುಗಳಲ್ಲಿ ಹತ್ತರಲ್ಲಿ ಎಂಟರಷ್ಟು ಗಂಡೇ ಆಗಿರುತ್ತವೆ. ಕಪ್ಪು ಮತ್ತು ಕೆಂಚು ಬೆರೆತ ಮೈಯ ಬೆಕ್ಕು ಬಹುಮಟ್ಟಿಗೆ ಹೆಣ್ಣಾಗಿರುತ್ತದೆ. ಈ ಬಣ್ಣವನ್ನು ನಿರ್ಣಯಿಸುವ ಅಂಶ ಎಕ್ಸ್ ವರ್ಣತಂತುವಿನಲ್ಲಿರುವುದೇ ಇದಕ್ಕೆ ಕಾರಣ: ಗಂಡಿಗೆ ಆ ತಂತು ಒಂದೇ ಆದುದರಿಂದ ಅದು ಪೂರ್ತಿಯಾಗಿ ಕೆಂಚಾಗಬಲ್ಲದು, ಹೆಣ್ಣಿಗೆ ಎರಡಿರುವುದರಿಂದ ಎರಡೂ ಹಾಗಿದ್ದಾಗಲೇ ಮೈಯೆಲ್ಲ ಕೆಂಚಾಗುತ್ತದೆ. ಆ ಅಂಶ ಯಾವುದೆಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜಪಾನಿನ ಕ್ಯೂಶು ವಿಶ್ವವಿದ್ಯಾನಿಲಯಗಳ ಎರಡು ತಂಡಗಳು 2025ರಲ್ಲಿ ಪ್ರಕಟಿಸಿದವು: ಆ ತಂತುವಿನ ಒಂದೆಡೆ ಸುಮಾರು 5,000 ಅಕ್ಷರಗಳಷ್ಟು ಡಿಎನ್‌ಎ ಕಳಚಿಹೋಗಿದೆ; ಅದರ ಫಲವಾಗಿ ಕಪ್ಪು ವರ್ಣದ್ರವ್ಯದ ಎಡೆಯಲ್ಲಿ ಕೆಂಚಿನದು ಕಾಣಿಸಿಕೊಳ್ಳುತ್ತದೆ. ಇದನ್ನು ಓದಿದಾಗ ನನಗೆ ಬಾಲ್ಯದಲ್ಲಿ ಕಲಿತ ಲೋಪಸಂಧಿ ನೆನಪಾಯಿತು. ನಾರಂಗದ ನಕಾರ ಲೋಪವಾಗಿ ಆರೆಂಜ್ ಹುಟ್ಟಿತು. ಅಕ್ಷರಗಳು ಲೋಪವಾಗಿಯೇ ಬೆಕ್ಕಿನ ಮೈಗೂ ಆ ಬಣ್ಣ ಬಂದಿತು. ಕಳೆದುಕೊಂಡದ್ದರಿಂದಲೂ ಹೊಸದೊಂದು ರೂಪ ಮೂಡಬಹುದೆಂಬುದಕ್ಕೆ ಭಾಷೆಯೂ ಪ್ರಾಣಿಯೂ ಸಾಕ್ಷಿಯಾಗಿವೆ.

ಆದಕಾರಣ ಮೊಮ್ಮಗಳ ‘ಆರೆಂಜ್’ ಎಂಬ ಮಾತನ್ನು ನಾನು ತಿದ್ದಲಿಲ್ಲ; ಅದೂ ದೂರ ಹೋಗಿ ಬಂದ ನಮ್ಮ ಮನೆಯ ಕೂಸೇ. ಆದರೆ ಅದೊಂದೇ ಉಳಿದು, ಕಾವಿ, ಕೇಸರಿ, ಕನಕಾಂಬರ, ಕೆಂಚು ಎಂಬ ಮಾತುಗಳು ಮಕ್ಕಳ ಕಿವಿಗೆ ಬೀಳದೆ ಹೋದರೆ ಅವರ ಪಾಲಿಗೆ ಲೋಕವೇ ಅಷ್ಟು ಮಟ್ಟಿಗೆ ಕಿರಿದಾಗುತ್ತದೆ. ಮಾತು ತಿಳಿಯದಿರುವ ಸಂಕಟಕ್ಕೆ ಕಿತ್ತಳೆಯದೇ ಒಂದು ನಿದರ್ಶನವುಂಟು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ವಿದೇಶೀಯರೊಬ್ಬರು ಹಣ್ಣಿನ ಬೆಲೆಯೇನೆಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಆ ಮಾತು ತಿಳಿಯಲಿಲ್ಲ. ತನಗಾದ ನೋವು ತನ್ನೂರ ಮಕ್ಕಳಿಗೆ ಆಗಬಾರದೆಂದು ನಿಶ್ಚಯಿಸಿ, ಹಣ್ಣು ಮಾರಿ ಕೂಡಿಸಿದ ಹಣದಿಂದ ಅವರು ಊರಿಗೊಂದು ಶಾಲೆಯನ್ನು ತಂದರು. 2020ರ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದಿತು. ಒಂದು ಮಾತು ತಿಳಿಯದಿದ್ದುದರ ನೋವು ಎಷ್ಟೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಓದುಗರೇ, ಮುಂದಿನ ಸಲ ಮನೆಯ ಮಗುವಿನ ಕೈಗೆ ಒಂದು ತೊಳೆಯನ್ನು ಬಿಡಿಸಿ ಕೊಡುವಾಗ, ‘ಆರೆಂಜ್’ ಎಂಬ ಮಾತಿನ ಜೊತೆಯಲ್ಲಿ ‘ಕಿತ್ತಳೆ’ ಎಂಬ ಮಾತನ್ನೂ ಕೊಡಿರಿ.